ಗೆದ್ದವನು ಏನು ಕೇಳಬಹುದು?

ಯುದ್ಧವು ಯಾವಾಗ ಮುಗಿಯುವದು? ಸೋತವರ ದಂಡು ಓಡಿಹೋದಾಗ ಎಂದು ಕೆಲವರು ಹೇಳುವರು. ಸಂಧಿಯ ಕಾಗದಕ್ಕೆ ರುಜು ಬಿದ್ದಾಗ ಎಂದು ಬೇರೆ ಕೆಲವರು ಹೇಳುವರು. ಆದರೆ ರುಜು ಬಿದ್ದ ಆ ಕಾಗದದೊಳಗೇ ಮುಂದಿನ ಯುದ್ಧದ ಬೀಜವು ಅಡಗಿಕೊಂಡಿದ್ದ ಸಂಗತಿಗಳು ಚರಿತ್ರೆಯಲ್ಲಿ ಒಂದೆರಡಲ್ಲ. ಆದಕಾರಣ, ಪ್ರಿಯ ವಾಚಕರೇ, ಗೆದ್ದವನು ಸೋತವನಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬ ಪ್ರಶ್ನೆಯನ್ನು ಈ ಸಾರಿ ವಿಚಾರಿಸೋಣ. ಇದಕ್ಕಾಗಿ ನಾವು ಮೊದಲೇ ಸಮುದ್ರ ದಾಟಿ ಹೋಗಬೇಕಾಗಿಲ್ಲ. ರಾಯಚೂರು, ದೇವದುರ್ಗ, ಮಾನವಿಗಳಲ್ಲಿ ವಾಸಿಸುವ ನಮ್ಮ ಕಾಲ ಕೆಳಗಿನ ಮಣ್ಣೇ ಇದಕ್ಕೆ ಸಾಕ್ಷಿ ಹೇಳುವದು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಈ ಸೀಮೆಗೆ ಪೂರ್ವಕಾಲದ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರುಂಟು. ಒಳ್ಳೆಯ ಎರೆಭೂಮಿ, ಹಟ್ಟಿಯ ಚಿನ್ನ, ರಾಯಚೂರು ಮುದಗಲ್ಲುಗಳ ಬಲವಾದ ಕೋಟೆಗಳು. ಇಷ್ಟಿದ್ದ ಮೇಲೆ ಎರಡು ರಾಜ್ಯಗಳ ಕಣ್ಣು ಇದರ ಮೇಲೆ ಬೀಳದಿರುವದು ಹೇಗೆ? ದಕ್ಷಿಣದಲ್ಲಿ ವಿಜಯನಗರ, ಉತ್ತರದಲ್ಲಿ ಮೊದಲು ಬಹಮನಿ ಸುಲ್ತಾನರು, ತರುವಾಯ ವಿಜಾಪುರದ ಆದಿಲಶಾಹಿಗಳು, ಹೀಗೆ ಇನ್ನೂರು ವರುಷಗಳಷ್ಟು ಕಾಲ ಈ ನಾಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಬರುತ್ತಾ ಇತ್ತು. ಇದನ್ನು ಕೇವಲ ಎರಡು ಮತಗಳ ಹೋರಾಟವೆಂದು ಹೇಳುವವರುಂಟು. ಆ ಮಾತು ಪೂರಾ ಸರಿಯಲ್ಲ. ವಿಜಯನಗರದ ದಂಡಿನಲ್ಲಿ ಮುಸಲ್ಮಾನ ಸೈನಿಕರಿದ್ದರು, ಸುಲ್ತಾನರ ಸೇವೆಯಲ್ಲಿ ಹಿಂದುಗಳಿದ್ದರು, 1520ರ ಯುದ್ಧದಲ್ಲಿ ಎರಡೂ ಪಕ್ಷಗಳಲ್ಲಿ ಪೋರ್ಚುಗೀಸರೂ ಇದ್ದರು.

ಪಾರಸಿ ಚರಿತ್ರಕಾರನಾದ ಫಿರಿಸ್ತನು 1366ರ ಸುಮಾರಿನ ಒಂದು ಯುದ್ಧವನ್ನು ವರ್ಣಿಸುತ್ತಾನೆ. ಬಹಮನಿ ಸುಲ್ತಾನನಾದ ಮೊದಲನೆಯ ಮುಹಮ್ಮದಶಹನು ಪಾನಮತ್ತನಾಗಿ, ದಿಲ್ಲಿಯಿಂದ ಬಂದ ಗಾಯಕರಿಗೆ ಕೊಡಬೇಕಾದ ಇನಾಮನ್ನು ವಿಜಯನಗರದ ಬೊಕ್ಕಸದಿಂದ ವಸೂಲು ಮಾಡಿಕೊಳ್ಳಬೇಕೆಂದು ಚೀಟಿ ಬರೆಸಿ ಕಳುಹಿಸಿದನು. ಪರರಾಜ್ಯದ ಬೊಕ್ಕಸವು ತನ್ನದೇ ಎಂಬ ಹಾಗೆ! ವಿಜಯನಗರದ ಅರಸನು ಚೀಟಿ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿದನು. ಮುದಗಲ್ಲನ್ನು ಮುತ್ತಿ ಹಿಡಿದು ಸ್ತ್ರೀ ಮಕ್ಕಳೆನ್ನದೆ ಕೊಲ್ಲಿಸಿದನು. ಸುಲ್ತಾನನು ಅದಕ್ಕೆ ಪ್ರತಿಯಾಗಿ ಲಕ್ಷ ಜನರನ್ನು ಕೊಲ್ಲುವೆನೆಂದು ಆಣೆಯಿಟ್ಟನು. ಎಷ್ಟೋ ರಕ್ತವು ಹರಿದ ಮೇಲೆ ಸಂಧಿಯಾಯಿತು. ಗಾಯಕರಿಗೆ ಹಣವು ಸಂದಿತು. ಆದರೆ ಆ ಸಂಧಿಯಲ್ಲಿ ಇನ್ನೊಂದು ಮಾತೂ ಸೇರಿತು. ಇನ್ನು ಮುಂದೆ ಯುದ್ಧವಾದರೆ ಆಯುಧವಿಲ್ಲದವರನ್ನೂ ಸೆರೆಸಿಕ್ಕಿದವರನ್ನೂ ಕೊಲ್ಲಬಾರದು ಎಂಬದಾಗಿ. ಆ ಕರಾರು ಯಾವಾಗಲೂ ನಡೆಯಿತೆಂದು ನಾವು ಹೇಳಲಾರೆವು. ಆದರೂ ಈ ನಾಡಿನ ಮಣ್ಣಿನ ಮೇಲೆ ಮಾಡಲ್ಪಟ್ಟ ಕರಾರುಗಳಲ್ಲಿ ಗೆದ್ದವನಿಗೂ ಸೋತವನಿಗೂ ಸಮನಾಗಿ ಹಿತವಾದದ್ದು ಇದೊಂದೇ ಎಂದು ನಮಗೆ ತೋರುವದು.

ಈಗ 1520ಕ್ಕೆ ಬರೋಣ. ಇದನ್ನು ವಿಸ್ತಾರವಾಗಿ ಹೇಳುವದು ಅವಶ್ಯ, ಯಾಕಂದರೆ ನಮ್ಮ ಪ್ರಶ್ನೆಯ ತಿರುಳು ಇದರಲ್ಲಿಯೇ ಇರುವದು. ಈ ಸಂಗತಿಗಳನ್ನು ವಿವರವಾಗಿ ಬರೆದಿಟ್ಟವನು ನೂನಿಜ್ ಎಂಬ ಪೋರ್ಚುಗೀಸ ಕುದುರೆ ವ್ಯಾಪಾರಿ. ಇವನು ಕೆಲವು ವರುಷಗಳ ಮೇಲೆ ವಿಜಯನಗರದಲ್ಲಿ ವಾಸವಾಗಿದ್ದವನು. (ವ್ಯಾಪಾರಿಗಳು ಲೆಕ್ಕದಲ್ಲಿ ಚತುರರೆಂಬದು ಸರಿ, ಆದರೆ ಇವನು ಹೇಳುವ ಸೈನ್ಯದ ಸಂಖ್ಯೆಗಳನ್ನು ಯಾರೂ ಹಾಗೆಯೇ ನಂಬುವದಿಲ್ಲ.) ಕುದುರೆ ಕೊಳ್ಳುವದಕ್ಕೆ ಹಣವನ್ನು ತೆಗೆದುಕೊಂಡು ಹೋದ ಒಬ್ಬ ವ್ಯಾಪಾರಿಯು ಆ ಹಣದೊಂದಿಗೆ ವಿಜಾಪುರದ ಸೀಮೆಗೆ ಓಡಿಹೋದನು. ಕೃಷ್ಣದೇವರಾಯನು ಅವನನ್ನು ಒಪ್ಪಿಸೆಂದು ಕೇಳಿದನು; ಇಸ್ಮಾಯಿಲ ಆದಿಲಶಹನು ಒಪ್ಪಿಸಲಿಲ್ಲ. ನ್ಯಾಯವು ರಾಯನ ಕಡೆಗೆ ಇತ್ತೆಂದೇ ಹೇಳಬೇಕು. ಆತನು ಮಹಾಸೈನ್ಯದೊಂದಿಗೆ ಬಂದು ರಾಯಚೂರ ಕೋಟೆಯನ್ನು ಮುತ್ತಿದನು. ಆದಿಲಶಹನು ಕೃಷ್ಣೆಯನ್ನು ದಾಟಿ ಎದುರಿಗೆ ಬಂದನು. ಆತನ ತೋಪುಗಳು ಒಂದೇ ಸಾರಿ ಹಾರಿದಾಗ ವಿಜಯನಗರದ ಮುಂಚೂಣಿಯು ಚೆದರಿತು. ಆದರೆ ರಾಯನು ತಾನೇ ಮುಂದೆ ನುಗ್ಗಿ ಶತ್ರುವಿನ ದಂಡನ್ನು ಹೊಳೆಯ ತನಕ ಅಟ್ಟಿದನು. ಹೊಳೆಯಲ್ಲಿ ಮುಳುಗಿ ಸತ್ತವರು ಲೆಕ್ಕವಿಲ್ಲ. ಸುಲ್ತಾನನು ಆನೆಯನ್ನೇರಿ ಪ್ರಾಣ ಉಳಿಸಿಕೊಂಡನು. ತೋಪು, ಡೇರೆ, ಕುದುರೆ, ಆನೆಗಳೆಲ್ಲವೂ ರಾಯನ ಪಾಲಾದವು. ಸಲಾಬತಖಾನನೆಂಬ ಸರದಾರನು ಸೆರೆಯಾದನು. ಸ್ವಲ್ಪ ದಿವಸಗಳಲ್ಲಿ ಪೋರ್ಚುಗೀಸ ಕೋವಿಕಾರರ ಸಹಾಯದಿಂದ ಕೋಟೆಯೂ ಬಿದ್ದಿತು.

ಕೋಟೆಯು ಬಿದ್ದ ದಿನ ರಾಯನು ನಡೆದುಕೊಂಡ ರೀತಿಯು ಸ್ಮರಣೀಯವಾದದ್ದು. ಶರಣು ಬಂದ ಊರವರಿಗೆ ಆತನು ಅಭಯವನ್ನು ಕೊಟ್ಟು, ಅವರ ಸೊತ್ತು ಅವರದೇ ಎಂದು ಹೇಳಿದನೆಂದು ನೂನಿಜನು ಬರೆಯುತ್ತಾನೆ. ಈ ಮಾತಿನಿಂದ ಅಂದು ರಾಯಚೂರ ಪೇಟೆಯ ಜನರು ಎಷ್ಟು ಸಮಾಧಾನವಾಗಿ ಉಸಿರಾಡಿರಬೇಕು! ಕಥೆಯು ಇಲ್ಲಿಗೇ ನಿಂತಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ.

ತರುವಾಯ ಆದಿಲಶಹನ ರಾಯಭಾರಿಯು ವಿಜಯನಗರಕ್ಕೆ ಬಂದನು. ಅವನನ್ನು ಬಹು ದಿವಸ ಕಾಯಿಸಲಾಯಿತು. ಕೊನೆಗೆ ಅವನು ರಾಯಚೂರನ್ನೂ ತೋಪು ಆನೆ ಕುದುರೆಗಳನ್ನೂ ತಿರುಗಿ ಕೊಡಬೇಕೆಂದು ಬಿನ್ನವಿಸಿದನು. ಆಗ ರಾಯನು ಕೊಟ್ಟ ಉತ್ತರವೇನು? ಎಲ್ಲವನ್ನೂ ಕೊಡುತ್ತೇನೆ, ಸಲಾಬತಖಾನನನ್ನೂ ಬಿಡುತ್ತೇನೆ. ಆದರೆ ನಿನ್ನ ಒಡೆಯನು ಬಂದು ನನ್ನ ಪಾದಕ್ಕೆ ಮುದ್ದಿಡಲಿ, ಎಂದು.

ಇದನ್ನು ಸ್ವಲ್ಪ ನಿಂತು ಆಲೋಚಿಸೋಣ. ಕೇಳುವದಕ್ಕೆ ಇದು ಔದಾರ್ಯದ ಮಾತಿನ ಹಾಗೆ ಇರುವದು. ನೆಲ ಬೇಡ, ಹಣ ಬೇಡ, ಆನೆ ಬೇಡ. ಒಂದು ಮುದ್ದು ಸಾಕು! ತೂಕಕ್ಕೆ ಹಾಕಿದರೆ ಅದಕ್ಕೆ ಒಂದು ಗುಲಗಂಜಿಯ ಭಾರವೂ ಇಲ್ಲ. ಆದರೆ ಸೋತವನು ಕೊಡಲಾರದಂಥಾದ್ದು ಅದೊಂದೇ ಆಗಿತ್ತು. ಕೋಟೆಯನ್ನು ಕಳಕೊಂಡ ಅರಸನು ಊರಿಗೆ ಹೋಗಿ ಸಿಂಹಾಸನದ ಮೇಲೆ ಕೂತುಕೊಳ್ಳಬಹುದು. ಶತ್ರುವಿನ ಪಾದಕ್ಕೆ ಮುದ್ದಿಟ್ಟ ಅರಸನು ತನ್ನ ಸರದಾರರ ಮುಖವನ್ನು ನೋಡುವದು ಹೇಗೆ? ಆದಿಲಶಹನು ಸ್ಪಷ್ಟವಾಗಿ ಇಲ್ಲವೆನ್ನಲಿಲ್ಲ. ಪರರಾಜ್ಯದೊಳಕ್ಕೆ ಬರುವದು ಹೇಗೆ ಎಂದು ನೆವ ಹೇಳಿದನು. ಹಾಗಾದರೆ ನಾನೇ ಗಡಿಗೆ ಬರುತ್ತೇನೆಂದು ರಾಯನು ಮುದಗಲ್ಲಿಗೆ ಬಂದನು. ಸುಲ್ತಾನನು ಅಲ್ಲಿಗೂ ಬರಲಿಲ್ಲ. ಆ ಪಾದವನ್ನು ಹೊತ್ತುಕೊಂಡೇ ರಾಯನು ವಿಜಾಪುರದ ತನಕ ಹೋದನೆಂದು ಹೇಳಬಹುದು! ಅಲ್ಲಿ ಆತನ ದಂಡಿನವರು ಸೌದೆಗಾಗಿ ಪಟ್ಟಣದ ಮನೆಗಳನ್ನು ಕೆಡವಿದರು. ಇದು ನನ್ನ ಅಪ್ಪಣೆಯಲ್ಲ, ನನ್ನ ಜನರನ್ನು ತಡೆಯಲು ನನ್ನಿಂದಾಗಲಿಲ್ಲ ಎಂದು ರಾಯನು ಹೇಳಿಕಳುಹಿಸಿದನು. ತರುವಾಯ ಅಸದಖಾನನೆಂಬ ಕುಟಿಲಮಂತ್ರಿಯು ಬಂದು, ಸುಲ್ತಾನನು ಬಾರದಿರುವದಕ್ಕೆ ಸೆರೆಯಲ್ಲಿರುವ ಸಲಾಬತಖಾನನ ಬೋಧೆಯೇ ಕಾರಣವೆಂದು ಸುಳ್ಳು ಹೇಳಿದನು. ರಾಯನು ಅದನ್ನು ನಂಬಿ ಆ ಸೆರೆಯಾಳಿನ ತಲೆ ಹೊಡೆಯಿಸಿದನು. ಮುದ್ದು ಮಾತ್ರ ದೊರೆಯಲೇ ಇಲ್ಲ.

ಕೃಷ್ಣದೇವರಾಯನು 1529ರಲ್ಲಿ ತೀರಿಹೋದನು. ಮರುವರುಷವೇ ಇಸ್ಮಾಯಿಲ ಆದಿಲಶಹನು ರಾಯಚೂರನ್ನೂ ಮುದಗಲ್ಲನ್ನೂ ತಿರುಗಿ ಹಿಡಿದನು. ಈ ಎರಡು ಕೋಟೆಗಳು ಕೈಸೇರುವ ತನಕ ದ್ರಾಕ್ಷಾರಸವನ್ನು ಮುಟ್ಟುವದಿಲ್ಲವೆಂದು ಆತನು ವ್ರತವನ್ನು ಹಿಡಿದಿದ್ದನೆಂದು ಫಿರಿಸ್ತನು ಹೇಳುತ್ತಾನೆ. ಮದ್ಯಪಾನವನ್ನು ಬಿಡಿಸುವದಕ್ಕೆ ನಾವು ಎಷ್ಟೋ ಬೋಧನೆ ಮಾಡುತ್ತೇವೆ. ಸೇಡಿನ ಬೋಧನೆಯು ನಮ್ಮದಕ್ಕಿಂತ ಬಲವಾದದ್ದೆಂದು ಕಾಣುವದು.

ಇಷ್ಟರಿಂದ ವಿಜಯನಗರದವರು ಪಾಠ ಕಲಿತರೋ? ಅಳಿಯ ರಾಮರಾಯನ ಕಾಲದಲ್ಲಿ ಅದೇ ತಪ್ಪು ಇನ್ನೂ ದೊಡ್ಡದಾಗಿ ನಡೆಯಿತು. ಸುಲ್ತಾನರಲ್ಲಿ ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವದರಲ್ಲಿ ಆತನು ನಿಪುಣನು. 1560ರ ಸುಮಾರಿಗೆ ಅಹಮದನಗರದ ಹುಸೇನ ನಿಜಾಮಶಹನು ಸೋತು ಸಂಧಿ ಬೇಡಿದಾಗ, ಕಲ್ಯಾಣದ ಕೋಟೆಯನ್ನು ಬಿಟ್ಟುಕೊಡುವದಲ್ಲದೆ ಆತನು ತಾನೇ ಬಂದು ರಾಮರಾಯನ ಕೈಯಿಂದ ತಾಂಬೂಲವನ್ನು ತೆಗೆದುಕೊಳ್ಳಬೇಕೆಂದು ಕರಾರಾಯಿತು. ಹುಸೇನನು ಬಂದನು. ಕೈಮುಟ್ಟಿದ ತರುವಾಯ ಎಲ್ಲರ ಎದುರಿಗೇ ನೀರು ತರಿಸಿ ಕೈತೊಳೆದನೆಂದೂ, ರಾಮರಾಯನು ಸಿಟ್ಟುಗೊಂಡು ತಾನೂ ನೀರು ತರಿಸಿ ಕೈತೊಳೆದನೆಂದೂ ಆ ಕಾಲದ ಕಥನಗಳಲ್ಲಿ ಉಂಟು. ನಾಲ್ಕಾರು ವರುಷ ಕಳೆಯುವದರೊಳಗೆ, ಒಬ್ಬರನ್ನೊಬ್ಬರು ನಂಬದಿದ್ದ ಸುಲ್ತಾನರೆಲ್ಲರೂ ಒಂದಾದರು. ಆಗಲೂ ವಿಜಾಪುರದವನು ಮೊದಲು ಕೇಳಿದ್ದು ಏನು? ರಾಯಚೂರು ಮುದಗಲ್ಲು ಮುಂತಾದ ಕೋಟೆಗಳನ್ನು. ರಾಮರಾಯನು ರಾಯಭಾರಿಯನ್ನು ಅವಮಾನಪಡಿಸಿ ಹೊರಗೆ ಹಾಕಿಸಿದನು. 1565ರ ಜನವರಿ 23ರಂದು ಕೃಷ್ಣೆಯ ತೀರದಲ್ಲಿ ಯುದ್ಧವಾಯಿತು. ಮುದುಕನಾದ ರಾಮರಾಯನು ಸೆರೆಸಿಕ್ಕಿದನು; ಆತನ ತಲೆಯನ್ನು ಕಡಿಸಿದವನು ಅದೇ ಹುಸೇನನು. ಹಂಪೆಯ ಹಾಳುಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರುವರು. ಆ ಯುದ್ಧಕ್ಕೆ ನೆಲದಾಸೆ, ಧನದಾಸೆ ಮುಂತಾದ ಬೇರೆ ಕಾರಣಗಳು ಇರಲಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಪರಸ್ಪರ ವೈರಿಗಳಾದ ನಾಲ್ವರನ್ನು ಒಂದೇ ಡೇರೆಯಲ್ಲಿ ಕೂರಿಸಿದ್ದರಲ್ಲಿ ಅವಮಾನದ ಪಾಲು ಸಣ್ಣದಲ್ಲ.

ಅರಸರ ಮಾತು ನಮಗೇಕೆ ಎಂದು ಹಳ್ಳಿಯವರು ಕೇಳಬಹುದು. ನಿಮ್ಮ ಊರ ಕಟ್ಟೆಯನ್ನೇ ನೋಡಿರಿ. ಹೊಲದ ಬದುವಿಗಾಗಿ ಇಬ್ಬರು ಜಗಳವಾಡುವರು. ಪಂಚರು ಕೂಡಿ, ಬದುವನ್ನು ಒತ್ತಿದವನು ಹೊಲ ಬಿಡಬೇಕು, ಇಷ್ಟು ದಂಡ ಕೊಡಬೇಕು ಎಂದು ತೀರ್ಮಾನಿಸುವರು. ಅವನು ಗೊಣಗುತ್ತಾ ಕೊಡುವನು. ಎರಡು ಸುಗ್ಗಿಗಳಾದ ಮೇಲೆ ಮರೆಯುವನು. ಅದೇ ಪಂಚರು, ಅವನು ಎಲ್ಲರ ಎದುರಿಗೆ ಎದುರುಪಕ್ಷದವನ ಕಾಲಿಗೆ ಬೀಳಬೇಕು, ಚಪ್ಪಲಿಯನ್ನು ತಲೆಯ ಮೇಲೆ ಹೊರಬೇಕು ಎಂದು ಹೇಳಿದರೋ, ಅದನ್ನು ಅವನ ಮೊಮ್ಮಗನೂ ಮರೆಯನು. ಚಪ್ಪಲಿಯನ್ನು ಹೊರಿಸಿಕೊಳ್ಳುವದೇನೆಂದು ನಮ್ಮ ಜನರಿಗೆ ಪುಸ್ತಕದಿಂದ ತಿಳಿಯಬೇಕಾಗಿಲ್ಲ.

ಅವಮಾನದ ಹಾಗೆಯೇ ಇನ್ನೊಂದು ಉಂಟು, ಮುಗಿಯದ ಸಾಲ. ತಂದೆಯು ಮದುವೆಗೆಂದು ತೆಗೆದುಕೊಂಡ ಸಾಲಕ್ಕೆ ಮಗನು ಜೀತಕ್ಕಿರುವದು, ಮಗನು ತೀರಿಸಲಾರದ್ದಕ್ಕೆ ಮೊಮ್ಮಗನು ಇರುವದು, ಇದು ನಮ್ಮ ಸೀಮೆಯಲ್ಲಿ ಬಹುಕಾಲ ನಡೆದು, 1976ರ ಕಾನೂನಿನಿಂದ ನಿಷೇಧಿಸಲ್ಪಟ್ಟಿತು. ಒಂದು ಇಡೀ ದೇಶವನ್ನೇ ಇಂಥಾ ಜೀತಕ್ಕೆ ಇಡುವ ಪ್ರಯತ್ನವು ಯೂರೋಪಿನಲ್ಲಿ ನಡೆಯಿತು. ಅದರ ಬೇರು ಹಿಂದಿನದು. 1871ರಲ್ಲಿ ಜರ್ಮನರು ಫ್ರಾನ್ಸನ್ನು ಗೆದ್ದು, ಎರಡು ಪ್ರಾಂತಗಳನ್ನು ಕಸಕೊಂಡು, 500 ಕೋಟಿ ಫ್ರಾಂಕುಗಳ ದಂಡ ಹಾಕಿದರು. ಅಷ್ಟು ಸಾಲದೆಂಬಂತೆ ತಮ್ಮ ಚಕ್ರವರ್ತಿಯ ಪಟ್ಟವನ್ನು ಫ್ರೆಂಚರ ವರ್ಸೇಲ್ಸ್ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿಯೇ ಸಾರಿದರು. 1914ರಿಂದ 1918ರ ವರೆಗಿನ ಮಹಾಯುದ್ಧದಲ್ಲಿ ಜರ್ಮನರು ಸೋತಾಗ, ಅದೇ ಸಭಾಂಗಣದಲ್ಲಿ, 1919ರ ಜೂನ್ 28ರಂದು, ಅವರಿಂದ ರುಜು ಮಾಡಿಸಲಾಯಿತು. ಅವರ ಪ್ರತಿನಿಧಿಗಳೊಂದಿಗೆ ಎದುರೆದುರು ಕೂತು ಮಾತಾಡಲಿಲ್ಲ. ಬರೆದ ಕಾಗದವನ್ನು ಕೈಗೆ ಕೊಟ್ಟರು. ಯುದ್ಧದ ನಷ್ಟಕ್ಕೆಲ್ಲಾ ಹೊಣೆಯು ಜರ್ಮನಿಯೂ ಅದರ ಮಿತ್ರರೂ ಎಂದು ಅದರೊಳಗೆ ಬರೆದಿತ್ತು. 1921ರಲ್ಲಿ ದಂಡವು 13,200 ಕೋಟಿ ಚಿನ್ನದ ಮಾರ್ಕುಗಳೆಂದು ಗೊತ್ತಾಯಿತು. 1929ರಲ್ಲಿ ಅದನ್ನು ತಗ್ಗಿಸಿದರೂ ಕಂತುಗಳನ್ನು 1988ರ ತನಕ ಹಂಚಿದರು! ಆ ಯುದ್ಧದ ಕಾಲದಲ್ಲಿ ಹುಟ್ಟಿಯೇ ಇರದವರ ಮೊಮ್ಮಕ್ಕಳೂ ಕಂತು ಕಟ್ಟಬೇಕಾಗಿತ್ತು. ಇಂಗ್ಲಿಷ್ ಅರ್ಥಶಾಸ್ತ್ರಿಯಾದ ಕೇನ್ಸನು ಇದರಿಂದ ಕೇಡಾಗುವದೆಂದು ಹೇಳಿ, ಸಂಧಿಸಭೆಯ ಕೆಲಸವನ್ನು ಬಿಟ್ಟು, ಆ ವರುಷವೇ ಪುಸ್ತಕವನ್ನು ಬರೆದನು. ಕೇಳಿದವರು ಸ್ವಲ್ಪ ಮಂದಿ.

ಆದರೂ ನ್ಯಾಯವಾಗಿ ಮಾತಾಡಬೇಕು. ಆ ಸಂಧಿಯೊಂದೇ ಹಿಟ್ಲರನನ್ನು ಹುಟ್ಟಿಸಿತೆಂದು ಹೇಳುವದು ಅತಿರೇಕ. ಜರ್ಮನರು ಆ ದಂಡದಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಕಟ್ಟಿದರು; 1932ರಲ್ಲಿ ಕಟ್ಟುವದೇ ನಿಂತಿತು. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ನೂರಕ್ಕೆ ಮೂರು ಮತಗಳೂ ಬೀಳಲಿಲ್ಲ. ಲೋಕವೆಲ್ಲಾ ದಿವಾಳಿಯಾಗಿ, ಜನರು ಕೆಲಸವಿಲ್ಲದೆ ಬೀದಿಗೆ ಬಿದ್ದ ಮೇಲೆ, 1932ರ ಜುಲಾಯಿಯಲ್ಲಿ ನೂರಕ್ಕೆ 37 ಬಿದ್ದವು. ಹಸಿವು ಗಾಳಿಯಾಯಿತು; ಆದರೆ ಹತ್ತಿಕೊಳ್ಳುವದಕ್ಕೆ ಒಣಹುಲ್ಲು 1919ರಿಂದ ಬಣವೆಯಾಗಿಯೇ ಇತ್ತು. 1940ರಲ್ಲಿ ಫ್ರಾನ್ಸ್ ಸೋತಾಗ ಹಿಟ್ಲರನು ಮಾಡಿದ್ದೇನು? 1918ರಲ್ಲಿ ಜರ್ಮನರು ಯಾವ ರೈಲುಡಬ್ಬಿಯಲ್ಲಿ ಶರಣಾಗತಿಗೆ ರುಜು ಹಾಕಿದ್ದರೋ ಅದನ್ನೇ ಹೊರಗೆ ಎಳೆಸಿ, ಅದೇ ಸ್ಥಳದಲ್ಲಿ ನಿಲ್ಲಿಸಿ, ಅದರೊಳಗೆ ಫ್ರೆಂಚರಿಂದ ರುಜು ಹಾಕಿಸಿದನು. ಇದೂ ಒಂದು ಪಾದದ ಮುದ್ದೇ.

ಈಗ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕಾಗಿದೆ. ಹಾಗಾದರೆ ಅನ್ಯಾಯ ಮಾಡಿ ಸೋತವನನ್ನು ಸುಮ್ಮನೆ ಬಿಟ್ಟುಬಿಡಬೇಕೋ? ಸುಟ್ಟ ಊರುಗಳಿಗೂ ಅನಾಥರಾದ ಮಕ್ಕಳಿಗೂ ಉತ್ತರವೇನು? ಎಲೀಷನ ಕಥೆಯನ್ನು ಇಲ್ಲಿ ನೆನಸುವವರು ಉಂಟು: ಸಮಾರ್ಯದೊಳಗೆ ಸಿಕ್ಕಿಬಿದ್ದ ಅರಾಮ್ಯರ ದಂಡನ್ನು ಕೊಲ್ಲದೆ, ಊಟವಿಕ್ಕಿ ಕಳುಹಿಸಿದ್ದರಿಂದ ಆ ಸುಲಿಗೆಯ ಗುಂಪುಗಳು ತಿರುಗಿ ಬರಲಿಲ್ಲ. ಆದರೆ ಅದೇ ಅಧ್ಯಾಯವನ್ನು ಮುಂದಕ್ಕೆ ಓದಿರಿ. ಬೆನ್ಹದದನು ಎಲ್ಲಾ ದಂಡನ್ನು ಕೂಡಿಸಿಕೊಂಡು ಬಂದು ಸಮಾರ್ಯಕ್ಕೆ ಮುತ್ತಿಗೆ ಹಾಕಿದನೆಂದೂ ಅಲ್ಲಿಯೇ ಉಂಟು. ಮೃದುತ್ವವು ಶಾಂತಿಗೆ ಖಾತರಿಯೆಂದು ಪವಿತ್ರ ಗ್ರಂಥವೂ ನಮಗೆ ಮಾತು ಕೊಡುವದಿಲ್ಲ.

1945ರಲ್ಲಿ ನಡೆದದ್ದನ್ನು ಇದಕ್ಕೆ ಸೇರಿಸಿ ನೋಡಿದರೆ ಸ್ವಲ್ಪ ಬೆಳಕು ಸಿಕ್ಕುವದು. ಆಗ ಜರ್ಮನರ ಮೇಲೆ ಬಿದ್ದ ಶಿಕ್ಷೆಯು 1919ರದ್ದಕ್ಕಿಂತ ಬಹಳ ಕಠಿಣವಾದದ್ದು; ದೇಶವೆಲ್ಲಾ ಪರಸೈನ್ಯಗಳ ಕೈಸೇರಿತು, ನೆಲವು ಹೆಚ್ಚಾಗಿ ಹೋಯಿತು, ಉಳಿದದ್ದು ಎರಡು ತುಂಡಾಯಿತು. ಆದರೂ ಮೂರನೆಯ ಸಾರಿ ಅವರು ಫ್ರಾನ್ಸಿನ ಮೇಲೆ ಏಳಲಿಲ್ಲ. ಆಯುಧವನ್ನು ಎತ್ತುವದಕ್ಕೆ ಆಗದಂತೆ ಕಟ್ಟಿಹಾಕಿದ್ದು ಒಂದು ಕಾರಣ. ಅದನ್ನು ಮುಚ್ಚಿಡುವದು ಸರಿಯಲ್ಲ. ಆದರೆ ಇನ್ನೂ ಎರಡು ಸಂಗತಿಗಳು ಬೇರೆಯಾಗಿದ್ದವು. ಅಪರಾಧವನ್ನು ಇಡೀ ಜನಾಂಗದ ಹಣೆಗೆ ಬರೆಯದೆ, ನ್ಯೂರೆಂಬರ್ಗಿನ ನ್ಯಾಯಸ್ಥಾನದಲ್ಲಿ ಹೆಸರು ಹಿಡಿದು ಕೆಲವರನ್ನು ವಿಚಾರಿಸಿದರು. 1946ರಲ್ಲಿ ಹನ್ನೆರಡು ಮಂದಿಗೆ ಮರಣಶಿಕ್ಷೆಯಾಯಿತು, ಮೂವರನ್ನು ನಿರಪರಾಧಿಗಳೆಂದು ಬಿಟ್ಟರು. ಎರಡನೆಯದಾಗಿ, 1948ರಿಂದ ಅಮೆರಿಕದ ಹಣವು ಗೆದ್ದ ದೇಶಗಳಿಗೆ ಹೋದ ಹಾಗೆಯೇ ಪಶ್ಚಿಮ ಜರ್ಮನಿಗೂ ಹೋಯಿತು, 1953ರಲ್ಲಿ ಅದರ ಹಳೆಯ ಸಾಲಗಳಲ್ಲಿ ಸುಮಾರು ಅರ್ಧವನ್ನು ಬಿಟ್ಟುಕೊಟ್ಟರು. ಅಂದರೆ ಶಿಕ್ಷೆಯು ಭಾರವಾಗಿದ್ದರೂ ಅದಕ್ಕೆ ಒಂದು ಕೊನೆಯಿತ್ತು. ತೀರಿಸಿದೆನೆಂದು ಹೇಳಿ ತಲೆಯೆತ್ತುವ ಒಂದು ದಿನವು ಸೋತವನಿಗೆ ಕಾಣುತ್ತಿತ್ತು. ಕೃಷ್ಣದೇವರಾಯನು ರಾಯಚೂರನ್ನು ಇಟ್ಟುಕೊಂಡು, ಕೃಷ್ಣೆಯೇ ಗಡಿಯೆಂದು ಬರೆಸಿ, ಸಲಾಬತಖಾನನನ್ನು ಬಿಟ್ಟುಕಳುಹಿಸಿದ್ದರೆ, ಅದು ಪಾದದ ಮುದ್ದಿಗಿಂತ ಕಠಿಣವಾದ ಕರಾರೇ ಆಗುತ್ತಿತ್ತು. ಆದರೆ ಪೂರೈಸಬಹುದಾದ ಕರಾರು.

ಕಡೆಗೆ ನಮ್ಮ ಹಿರಿಯರು ಕಣ್ಣಾರೆ ಕಂಡ ಸಂಗತಿ. 1948ರ ಸೆಪ್ಟೆಂಬರ್ 13ರಂದು ಭಾರತದ ದಂಡು ಹೈದರಾಬಾದ ಸಂಸ್ಥಾನದೊಳಗೆ ಬಂದಿತು. ಐದು ದಿವಸಗಳೊಳಗೆ ನಿಜಾಮರು ಸೋತರು. ರಾಯಚೂರು, ದೇವದುರ್ಗ, ಮಾನವಿಗಳು ಆಗ ಅವರ ಸೀಮೆಯೇ. ಗೆದ್ದ ಸರಕಾರವು ಅವರಿಂದ ಪಾದದ ಮುದ್ದನ್ನು ಕೇಳಲಿಲ್ಲ. ಅಧಿಕಾರವನ್ನು ತೆಗೆದುಕೊಂಡಿತು, ಗೌರವವನ್ನು ಬಿಟ್ಟಿತು; ವರುಷಕ್ಕೆ 50 ಲಕ್ಷ ರೂಪಾಯಿಗಳ ರಾಜಧನವನ್ನು ಕೊಟ್ಟು, 1950ರಲ್ಲಿ ಅವರನ್ನೇ ರಾಜಪ್ರಮುಖರನ್ನಾಗಿ ಮಾಡಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರುವ ತನಕ ಅವರು ಆ ಪದವಿಯಲ್ಲಿದ್ದರು. ಅರಸನ ವಿಷಯದಲ್ಲಿ ಇದು ವಿವೇಕದ ಸಂಧಿಯೇ ಸರಿ. ಆದರೆ ಹಳ್ಳಿಗಳಲ್ಲಿ ಬೇರೆ ವಿಧವಾಯಿತು. ರಜಾಕಾರರು ಅದಕ್ಕೆ ಮುಂಚೆ ಮಾಡಿದ್ದ ಕ್ರೂರಕೃತ್ಯಗಳ ಸೇಡನ್ನು, ರಜಾಕಾರರಲ್ಲದ ಬಡ ಮುಸಲ್ಮಾನರ ಮೇಲೆ ತೀರಿಸಿಕೊಂಡವರಿದ್ದರು. ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು, ಸಂಸ್ಥಾನದಲ್ಲೆಲ್ಲಾ 27,000ದಿಂದ 40,000 ಜನರು ಸತ್ತಿರಬೇಕೆಂದೂ, ಬೀದರ, ಕಲಬುರಗಿ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಕೇಡು ಹೆಚ್ಚೆಂದೂ ವರದಿ ಮಾಡಿತು. ಆ ವರದಿಯು ಅನೇಕ ದಶಕಗಳ ತನಕ ಜನರ ಕೈಗೆ ಸಿಕ್ಕಲಿಲ್ಲ. ಆಯುಧವಿಲ್ಲದವರನ್ನು ಕೊಲ್ಲಬಾರದೆಂದು ಮುದಗಲ್ಲಿನ ರಕ್ತಪಾತದ ತರುವಾಯ 1366ರ ಸುಮಾರಿಗೆ ಇಬ್ಬರು ಅರಸರು ಒಪ್ಪಿಕೊಂಡ ಕರಾರನ್ನು, ಆ ವರುಷ ಆ ಹಳ್ಳಿಗಳಲ್ಲಿ ಓದಿಹೇಳುವವರು ಯಾರೂ ಇರಲಿಲ್ಲ.